ಕ್ರಕಚವ್ಯವಹಾರವೂ ಮಲೆನಾಡಿನ ಮರಕೊಯ್ತವೂ

ಲೀಲಾವತಿಯನ್ನು ಪಾಠಹೇಳುವವರು ಕ್ಷೇತ್ರವ್ಯವಹಾರವನ್ನು ಮುಗಿಸಿದಮೇಲೆ ಖಾತ, ಚಿತಿ, ಕ್ರಕಚ, ರಾಶಿ ಎಂಬ ವ್ಯವಹಾರಗಳನ್ನು ಒಂದೆರಡು ದಿನಗಳಲ್ಲಿ ದಾಟಿಸಿ ಛಾಯಾವ್ಯವಹಾರಕ್ಕೆ ಹೋಗುವುದು ರೂಢಿಯಾಗಿರುವುದು. ಇವುಗಳಲ್ಲಿ ಕ್ರಕಚವ್ಯವಹಾರವು ಬೆರಳೆಣಿಕೆಯ ಶ್ಲೋಕಗಳ ಪ್ರಕರಣ. ಗುಣಿಸಿ ಭಾಗಿಸುವುದರ ಹೊರತು ಅಲ್ಲಿ ಬೇರೆ ಗಣಿತವಿಲ್ಲವೆಂದು ಅಧ್ಯಾಪಕರೂ ವಿದ್ಯಾರ್ಥಿಗಳೂ ಅದನ್ನು ಉಪೇಕ್ಷಿಸುವರು. ಇತ್ತ ಕನ್ನಡಸಾಹಿತ್ಯದ ಪಾಠದಲ್ಲಿಯೂ ಇದಕ್ಕೆ ಸಮನಾದ ಉಪೇಕ್ಷೆಯೊಂದಿದೆ. ಬಸವಣ್ಣನವರು ಭಕ್ತಿಯನ್ನು ಹೋಗುವಾಗಲೂ ಬರುವಾಗಲೂ ಕೊಯ್ಯುವ ಕರಗಸಕ್ಕೆ ಹೋಲಿಸಿರುವ ವಚನವನ್ನು ಅರಿಯದ ಉಪಾಧ್ಯಾಯರಿಲ್ಲ. ಆದರೆ ಗರಗಸವು ಎರಡು ದಿಕ್ಕಿಗೂ ಕೊಯ್ಯುವುದು ನಿಜವೇ, ಎಲ್ಲ ಗರಗಸಗಳೂ ಹಾಗೆಯೇ ಕೊಯ್ಯುವುವೇ ಎಂಬ ಪ್ರಶ್ನೆಯು ತರಗತಿಯಲ್ಲಿ ಹುಟ್ಟುವುದೇ ವಿರಳ. ಈ ಎರಡು ಗ್ರಂಥಸ್ಥಳಗಳಿಗೂ ನಿಜವಾದ ವ್ಯಾಖ್ಯಾನವು ತಾಳೆಯೋಲೆಗಳಲ್ಲಿ ದೊರೆಯುವುದಕ್ಕಿಂತ ಹೆಚ್ಚಾಗಿ ಮರ ಕೊಯ್ಯುವ ಕಣದಲ್ಲಿ ದೊರೆಯುವುದೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಮರಗೆಲಸವನ್ನು ಇಲ್ಲಿ ಮುಖ್ಯವಾಗಿ ಆಧಾರವಾಗಿಟ್ಟುಕೊಂಡಿದೆ. ಕಂಬ, ತೊಲೆ, ಜಂತೆ, ಮುಚ್ಚಿಗೆ, ಅಡಕೆಯ ಅಟ್ಟ ಇವೆಲ್ಲವೂ ಮರದವೇ ಆದ ಮನೆಗಳು ಅಲ್ಲಿ ಇಂದಿಗೂ ನಿಂತಿರುವುದರಿಂದ ವಿಚಾರಕ್ಕೆ ಸಾಮಗ್ರಿಯು ಕಣ್ಣೆದುರಿಗೇ ಇದೆ.

ಮೊದಲು ಶಬ್ದವಿಚಾರ. ಅಮರಕೋಶದ ಶೂದ್ರವರ್ಗದಲ್ಲಿ ಕ್ರಕಚ, ಕರಪತ್ರ ಎಂಬ ಎರಡು ಹೆಸರುಗಳು ಈ ಸಾಧನಕ್ಕೆ ಹೇಳಲ್ಪಟ್ಟಿವೆ. ಕ್ರಕಚವೆಂಬುದು ಗರಗಸವು ಹೊರಡಿಸುವ ಧ್ವನಿಯ ಅನುಕರಣದಿಂದ ಹುಟ್ಟಿದುದೆಂದು ವ್ಯಾಖ್ಯಾತೃಗಳ ಮತ. ಕರಪತ್ರವಾದರೋ ಅಲಗಿನ ಆಕಾರದಿಂದ ಬಂದ ಹೆಸರು. ಸುಶ್ರುತನು ಇಪ್ಪತ್ತು ಶಸ್ತ್ರಗಳನ್ನೆಣಿಸುವಾಗಲೂ ಕರಪತ್ರವನ್ನು ಹೇಳಿರುವನು. ಮರಾಠಿ ಹಿಂದಿಗಳ 'ಕರವತ'ವು ಈ ಕರಪತ್ರದಿಂದ ಇಳಿದುಬಂದಿತು. ಕನ್ನಡದ 'ಗರಗಸ', 'ಕರಗಸ'ಗಳಾದರೋ ಕ್ರಕಚದ ತದ್ಭವಗಳು. ಕಿಟ್ಟೆಲರ ೧೮೯೪ರ ನಿಘಂಟಿನಲ್ಲಿಯೂ ಇದೇ ಅಭಿಪ್ರಾಯವಿದೆ. ಹೀಗೆ ನೆರೆಹೊರೆಯ ಭಾಷೆಗಳು ಒಂದೇ ಸಾಧನಕ್ಕೆ ಸಂಸ್ಕೃತದ ಎರಡು ಬೇರೆ ಶಬ್ದಗಳನ್ನು ಆರಿಸಿಕೊಂಡಿರುವುದು ಗಮನಾರ್ಹವು. ಪಾಠಶಾಲೆಯ ಹುಡುಗರಿಗೆ ಮಾತ್ರ ಕ್ರಕಚವು ಗರಗಸವಾಗಿ ಪರಿಚಿತವಾಗುವ ಮೊದಲೇ ಪಂಚಾಂಗದ ಕ್ರಕಚಯೋಗವಾಗಿ ಪರಿಚಿತವಾಗುತ್ತದೆ. ತಿಥಿವಾರಗಳ ಸಂಖ್ಯೆ ಕೂಡಿ ೧೩ ಆದ ದಿನ ಶುಭಕಾರ್ಯವನ್ನು ಕೊಯ್ದುಹಾಕುವುದೆಂಬ ಭಯದಲ್ಲಿ ಮರದ ನೆನಪೇ ಆಗುವುದಿಲ್ಲ!

ಸಾಧನದ ಹೆಸರು ಸಂಸ್ಕೃತದಿಂದ ಬಂದಿದ್ದರೂ ಕ್ರಿಯೆಯ ಹೆಸರುಗಳು ಅಚ್ಚಗನ್ನಡದವು. ಮರವನ್ನು ಕೊಡಲಿಯಿಂದ 'ಕಡಿ'ಯುವರು, ಗರಗಸದಿಂದ 'ಕೊಯ್ಯು'ವರು, ಬೆಣೆ ಹೊಡೆದು 'ಸೀಳು'ವರು, ಬಾಚಿಯಿಂದ 'ಕೆತ್ತು'ವರು. ಮಲೆನಾಡಿನಲ್ಲಿ "ಮರ ಕಡಿಸಿದೆವು" ಎಂದರೆ ಒಂದರ್ಥ, "ಮರ ಕೊಯ್ಯಿಸಿದೆವು" ಎಂದರೆ ಮತ್ತೊಂದರ್ಥ. ಮೊದಲನೆಯದರಲ್ಲಿ ನಿಂತ ಮರ ಉರುಳಿತು, ಎರಡನೆಯದರಲ್ಲಿ ಉರುಳಿದ ಮರ ಹಲಗೆಯಾಯಿತು. ಈ ಭೇದವು ಕೇವಲ ಮಾತಿನದಲ್ಲ. ಮರವೆಂಬುದು ಉದ್ದುದ್ದವಾಗಿ ಒತ್ತಾಗಿ ಜೋಡಿಸಿದ ಎಳೆಗಳ ಕಟ್ಟು. ಎಳೆಗಳ ಜಾಡನ್ನೇ ಹಿಡಿದು ಬೇರ್ಪಡಿಸಿದರೆ ಸೀಳು. ಹೊಸನಗರ ತಾಲ್ಲೂಕಿನ ನಗರಕ್ಕೆ ಬಿದನೂರು, ವೇಣುಪುರ ಎಂಬ ಹಳೆಯ ಹೆಸರುಗಳನ್ನು ಕೊಟ್ಟ ಬಿದಿರಿಗೆ ಈ ಸೀಳೇ ಸಾಕು. ಕತ್ತಿಯ ಒಂದು ಏಟಿಗೆ ಅದು ತಾನಾಗಿ ಬಾಯಿಬಿಡುವುದು. ಆದರೆ ಸೀಳು ಎಳೆಯ ಇಚ್ಛೆಯಂತೆ ಹರಿಯುವುದೇ ಹೊರತು ಬಡಗಿಯ ಇಚ್ಛೆಯಂತಲ್ಲ. ಎಳೆ ಎತ್ತ ತಿರುಗಿದರೂ ತಾನು ಹಾಕಿದ ಗೆರೆಯಲ್ಲಿಯೇ ಮರವು ಎರಡಾಗಬೇಕೆಂದು ಹಟ ಹಿಡಿದ ಮನುಷ್ಯನಿಗೆ ಗರಗಸವು ಬೇಕಾಯಿತು. ಸಂಸ್ಕೃತ ವೈಯಾಕರಣರು 'ದಾರು' ಶಬ್ದವನ್ನು ಸೀಳುವುದೆಂಬರ್ಥದ 'ದೄ' ಧಾತುವಿನಿಂದ ಸಾಧಿಸುವರು. ಸೀಳಲ್ಪಡುವುದೇ ಮರದ ಲಕ್ಷಣವೆಂದು ಇದರ ಭಾವ.

ಇನ್ನು ಗಣಿತಕ್ಕೆ ಬರೋಣ. ಬ್ರಹ್ಮಗುಪ್ತನು ೬೨೮ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಎಂಟು ವ್ಯವಹಾರಗಳಲ್ಲೊಂದಾಗಿ ಕ್ರಾಕಚಿಕವನ್ನು ಎಣಿಸಿರುವನು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ ಈ ಪ್ರಕರಣವಿದೆ. ಭಾಸ್ಕರನ ಲೀಲಾವತಿಯು ೧೧೫೦ರದು. ಭಾಸ್ಕರನು ತನ್ನ ಊರನ್ನು ಸಹ್ಯಾದ್ರಿಯ ಆಶ್ರಯದಲ್ಲಿದ್ದುದೆಂದು ಹೇಳಿಕೊಂಡಿರುವುದರಿಂದ ಅವನು ನಮ್ಮ ಮಲೆಯ ಸಾಲಿನವನೇ ಎಂದು ಸ್ವಲ್ಪ ಅಭಿಮಾನಪಟ್ಟರೆ ತಪ್ಪಿಲ್ಲ.

ಅವನ ವಿಧಾನವು ಹೀಗಿದೆ. ಮರದ ಬುಡದ ದಪ್ಪವನ್ನೂ ತುದಿಯ ದಪ್ಪವನ್ನೂ ಕೂಡಿಸಿ ಅರ್ಧಮಾಡಬೇಕು. ಅದನ್ನು ಉದ್ದದಿಂದ ಗುಣಿಸಬೇಕು. ಎಷ್ಟು ಸಾರಿ ಕೊಯ್ಯಲಾಗಿದೆಯೋ ಆ ಸಂಖ್ಯೆಯಿಂದ ಮತ್ತೆ ಗುಣಿಸಬೇಕು. ಅಳತೆಗಳು ಅಂಗುಲಗಳಲ್ಲಿದ್ದರೆ ೫೭೬ರಿಂದ ಭಾಗಿಸಬೇಕು. ಹಸ್ತಕ್ಕೆ ೨೪ ಅಂಗುಲವಾದುದರಿಂದ ವರ್ಗಹಸ್ತಕ್ಕೆ ೫೭೬ ವರ್ಗಾಂಗುಲ. ಉದಾಹರಣೆಯಲ್ಲಿ ಬುಡ ೨೦ ಅಂಗುಲ, ತುದಿ ೧೬ ಅಂಗುಲ, ಉದ್ದ ೧೦೦ ಅಂಗುಲ, ಕೊಯ್ತ ನಾಲ್ಕು. ೧೮ನ್ನು ೧೦೦ರಿಂದ ಗುಣಿಸಿದರೆ ೧೮೦೦. ನಾಲ್ಕರಿಂದ ಗುಣಿಸಿದರೆ ೭೨೦೦. ೫೭೬ರಿಂದ ಭಾಗಿಸಿದರೆ ಹನ್ನೆರಡೂವರೆ ಹಸ್ತ. ಮರವನ್ನು ಅಡ್ಡಲಾಗಿ ತುಂಡರಿಸುವಾಗ ಉದ್ದವು ಲೆಕ್ಕಕ್ಕೆ ಬಾರದು. ಅಗಲವನ್ನು ದಪ್ಪದಿಂದ ಗುಣಿಸಿದರಾಯಿತು. ೩೨ ಅಂಗುಲ ಅಗಲ, ೧೬ ಅಂಗುಲ ದಪ್ಪದ ಮರವನ್ನು ಒಂಬತ್ತು ಕಡೆ ಅಡ್ಡ ಕೊಯ್ದರೆ ಎಂಟು ಹಸ್ತವಾಗುವುದು.

ಈ ಲೆಕ್ಕವು ಸುಲಭವೆಂಬುದು ದಿಟ. ಆದರೆ ಇದರಲ್ಲಿ ಅಡಗಿರುವ ವಿವೇಚನೆಯು ಸುಲಭದ್ದಲ್ಲ. ಇದರ ಹಿಂದಿನ ಖಾತ ಚಿತಿಗಳೆರಡರಲ್ಲಿಯೂ ಫಲವು ಘನಹಸ್ತ: ಬಾವಿ ತೋಡುವವನು ತೆಗೆದ ಮಣ್ಣಿನ ಘನಕ್ಕೆ, ಗೋಡೆ ಕಟ್ಟುವವನು ಪೇರಿಸಿದ ಇಟ್ಟಿಗೆಯ ಘನಕ್ಕೆ ಕೂಲಿ ಪಡೆಯುವನು. ಮರವನ್ನು ಮಾರುವವರೂ ಕೊಳ್ಳುವವರೂ ಘನದ ಲೆಕ್ಕದಲ್ಲಿಯೇ ವ್ಯವಹರಿಸುವರು; ನಾಟಾದ ವ್ಯಾಪಾರದಲ್ಲಿ ಘನಅಡಿಯೇ ಮಾತು. ಕೊಯ್ಯುವವನಿಗೆ ಮಾತ್ರ ಶಾಸ್ತ್ರವು ಘನವನ್ನು ಬಿಟ್ಟು ವರ್ಗವನ್ನು ಹೇಳುವುದೇಕೆ? ಗರಗಸದ ಶ್ರಮವು ಮರದ ಗಾತ್ರದಲ್ಲಿಲ್ಲ, ಅದು ಹಾದುಹೋದ ಮುಖದ ವಿಸ್ತಾರದಲ್ಲಿದೆ. ದೊಡ್ಡ ದಿಮ್ಮಿಯನ್ನು ಒಮ್ಮೆ ಕೊಯ್ದು ಎರಡು ಮಾಡಿದವನಿಗಿಂತ ಅದರ ಕಾಲುಭಾಗದಷ್ಟಿರುವ ತೊಲೆಯನ್ನು ಹತ್ತು ಹಲಗೆಯಾಗಿ ಕೊಯ್ದವನು ಹೆಚ್ಚು ಬೆವರಿರುವನು. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಗರಗಸವು ಮರವನ್ನು ಬೇರ್ಪಡಿಸುವುದಿಲ್ಲ, ತನ್ನ ದಾರಿಯಲ್ಲಿದ್ದ ಮರವನ್ನು ಹುಡಿಮಾಡಿ ಹೊರಹಾಕುವುದು. ಒಂದು ಗರಗಸದ ದಾರಿಯ ಅಗಲವು ಒಂದೇ ಸಮನಾಗಿರುವುದರಿಂದ ಹುಡಿಯ ಘನವು ಮುಖದ ವಿಸ್ತಾರಕ್ಕೆ ಸರಿಯಾಗಿ ಏರಿಳಿಯುವುದು. ಆದುದರಿಂದ ವರ್ಗಹಸ್ತದ ಲೆಕ್ಕವು ನಿಜವಾಗಿ ಹುಡಿಯಾದ ಮರದ ಲೆಕ್ಕವೇ. ಕೊಯ್ತದ ಸಾಲಿಗೆ ಮಹಾವೀರಾದಿಗಳು 'ಮಾರ್ಗ'ವೆಂತಲೂ ಭಾಸ್ಕರನು 'ಪಥ'ವೆಂತಲೂ ಹೆಸರಿಟ್ಟಿರುವುದು ಎಷ್ಟು ಒಪ್ಪುವುದೆಂಬುದು ಈಗ ವ್ಯಕ್ತವಾಗುವುದು. ಕೈಗರಗಸದ ಕೊಯ್ತಕ್ಕೆ ಕೊಯ್ದ ಮುಖದ ಚದರಡಿಯ ಮೇಲೆ ಕೂಲಿ ಎಣಿಸುವ ಪದ್ಧತಿಯು ನಮ್ಮ ದೇಶದಲ್ಲಿ ಇತ್ತೀಚಿನವರೆಗೂ ನಡೆದುಬಂದುದು ಇದೇ ನ್ಯಾಯದಿಂದ.

ಇನ್ನೊಂದು ಅಂಶವೂ ಈ ಸೂತ್ರದಿಂದ ಹೊರಡುವುದು. ದುಂಡು ಮರವನ್ನು ಹಾಗೆಯೇ ಕೊಯ್ದರೆ ನಡುವಿನ ಕೊಯ್ತವು ಆಳವಾಗಿಯೂ ಅಂಚಿನ ಕೊಯ್ತಗಳು ಕಡಮೆ ಆಳದವಾಗಿಯೂ ಇರಬೇಕು. ಒಂದೇ ದಪ್ಪವನ್ನು ಕೊಯ್ತದ ಸಂಖ್ಯೆಯಿಂದ ಗುಣಿಸುವ ಸೂತ್ರವು ಅಲ್ಲಿ ಸುಳ್ಳಾಗುವುದು. ಆದುದರಿಂದ ಭಾಸ್ಕರನ ಮನಸ್ಸಿನಲ್ಲಿದ್ದುದು ಮೊದಲೇ ಕೊಡಲಿಯಿಂದಲೂ ಬಾಚಿಯಿಂದಲೂ ನಾಲ್ಕು ಮುಖ ಕೆತ್ತಿ ಚೌಕಮಾಡಿದ, ಬುಡದಿಂದ ತುದಿಗೆ ಸ್ವಲ್ಪ ಕಿರಿದಾದ ತೊಲೆಯೇ ಆಗಿರಬೇಕು. ಮಲೆನಾಡಿನಲ್ಲಿ ಕೈಕೊಯ್ತದ ಕ್ರಮವೂ ಇದುವೇ. ದಿಮ್ಮಿಯ ತೊಗಟೆಯನ್ನೂ ಹೊರಗಿನ ಬಿಳಿಮರವನ್ನೂ ಕೊಡಲಿಯಿಂದ ತೆಗೆದು ಚೌಕಮಾಡಿದಲ್ಲದೆ ಗರಗಸವನ್ನು ಇಡುತ್ತಿರಲಿಲ್ಲ.

ಭಾಸ್ಕರನಿಗಿಂತ ಹಿಂದಿನವರ ಮಾನವು ಇನ್ನೂ ಕುತೂಹಲಕರ. ಬ್ರಹ್ಮಗುಪ್ತ ಮಹಾವೀರರು ಮರಕೊಯ್ತದಲ್ಲಿ ೨೪ ಅಂಗುಲದ ಹಸ್ತವನ್ನು ಬಿಟ್ಟು ೪೨ ಅಂಗುಲದ 'ಕಿಷ್ಕು'ವನ್ನು ಬಳಸುವರು. ೯೬ ಅಂಗುಲ ಉದ್ದ, ಒಂದು ಕಿಷ್ಕು ಅಗಲದ ಕೊಯ್ತವು ತೇಗ, ಹೊಳೆಮತ್ತಿ ಮುಂತಾದ ಮರಗಳಲ್ಲಿ ಒಂದು ಪಟ್ಟಿಕೆಯೆಂದು ಮಹಾವೀರನ ನಿರ್ಣಯ. ಈ ವಿಚಿತ್ರವಾದ ೪೨ ಎಲ್ಲಿಂದ ಬಂದಿತು? ಇದಕ್ಕೆ ಉತ್ತರವು ನಮ್ಮ ಮೈಸೂರಿನಲ್ಲಿಯೇ ದೊರೆತ ಗ್ರಂಥದಲ್ಲಿದೆ. ಆರ್. ಶಾಮಶಾಸ್ತ್ರಿಗಳು ಮೈಸೂರು ಪ್ರಾಚ್ಯಗ್ರಂಥಾಲಯದ ಓಲೆಪ್ರತಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ದೇಶಮಾನವನ್ನು ಹೇಳುವಾಗ, ೪೨ ಅಂಗುಲದ ಕಿಷ್ಕುವು ಮರಗೆಲಸದವರ, ಗರಗಸದವರ ಕೋಲೆಂದು ಸ್ಪಷ್ಟವಾಗಿ ನಿರ್ದೇಶಿಸಿದೆ. ಪಾಳೆಯ, ಕೋಟೆ, ಅರಮನೆಗಳ ಅಳತೆಗೂ ಅದೇ ಕೋಲು. ಕಾಡಿನ ಮರಮಟ್ಟಿಗೆ ೫೪ ಅಂಗುಲದ ಹಸ್ತವು ಬೇರೆ ಇದೆ. ಅಂದಮೇಲೆ ಕ್ರಕಚವ್ಯವಹಾರವು ಗಣಕನು ಕಲ್ಪಿಸಿ ಬಡಗಿಗೆ ಕಲಿಸಿದುದಲ್ಲ. ಬಡಗಿಯ ಕೈಯಲ್ಲಿದ್ದ ಕೋಲನ್ನು ಗಣಕನು ಎತ್ತಿಕೊಂಡನು. ೧೮೧೭ರಲ್ಲಿ ಕೋಲ್‌ಬ್ರೂಕ್ ಮಹಾಶಯನು ಈ ಪ್ರಕರಣಗಳನ್ನು ಇಂಗ್ಲಿಷಿಗೆ ಪರಿವರ್ತಿಸಿದಂದಿನಿಂದ ಇವು ಗಣಿತಚರಿತ್ರೆಯ ಒಂದು ಮೂಲೆಯಲ್ಲಿ ಕುಳಿತಿವೆ. ಶಿಲ್ಪಚರಿತ್ರೆಯ ಸಾಕ್ಷ್ಯವಾಗಿ ಇವನ್ನು ಓದಬೇಕಾದುದೇ ನ್ಯಾಯವೆಂದು ನನ್ನ ಅಭಿಪ್ರಾಯ.

ಎರಡು ಮಾನಗಳಿಗೂ ಸಂಬಂಧವುಂಟು. ೪೨ನ್ನು ೯೬ರಿಂದ ಗುಣಿಸಿದರೆ ೪೦೩೨. ಇದು ೫೭೬ರ ಏಳರಷ್ಟು, ಶೇಷವಿಲ್ಲ. ಹಾಗಾದರೆ ಹಳಬರ ಒಂದು ಪಟ್ಟಿಕೆಯು ಭಾಸ್ಕರನ ಏಳು ವರ್ಗಹಸ್ತ. ಮೇಲಿನ ಉದಾಹರಣೆಯ ಹನ್ನೆರಡೂವರೆ ಹಸ್ತವು ಎರಡು ಪಟ್ಟಿಕೆಗೆ ಸ್ವಲ್ಪ ಕಡಮೆ. ಹಸ್ತವನ್ನು ಒಂದೂವರೆ ಅಡಿಯೆಂದು ಹಿಡಿದರೆ ಪಟ್ಟಿಕೆಯು ಸುಮಾರು ಹದಿನಾರು ಚದರಡಿ. ಬ್ರಹ್ಮಗುಪ್ತನು ಈ ಪರಿಮಾಣವನ್ನು 'ಕರ್ಮ'ವೆಂದು ಕರೆದಿರುವುದರಿಂದ ಇದು ಒಂದು ಜೊತೆ ಆಳುಗಳಿಗೆ ಗೊತ್ತುಮಾಡಿದ ಕೆಲಸದ ಪಾಲಾಗಿದ್ದಿರಬಹುದೆಂದು ಊಹಿಸಬಹುದಾಗಿದೆ. ಮರದ ಜಾತಿಗನುಸಾರವಾಗಿ ಅವನು ಭಾಜಕವನ್ನು ಬದಲಿಸಿರುವುದೂ ಈ ಊಹೆಗೆ ಪೋಷಕ: ಬೂರುಗದಂಥ ಮೆತ್ತನೆಯ ಮರಕ್ಕೆ ಭಾಜಕವು ದೊಡ್ಡದು, ಎಂದರೆ ಅದೇ ಕೂಲಿಗೆ ಹೆಚ್ಚು ಕೊಯ್ಯಬೇಕು. ಭಾಸ್ಕರನು ಈ ಕೋಷ್ಟಕವನ್ನು ಕೈಬಿಟ್ಟು, ಇಟ್ಟಿಗೆ, ಕಲ್ಲು, ಅಗೆತ, ಕೊಯ್ತ ಇವುಗಳ ಕೂಲಿಯನ್ನು ವಸ್ತುವಿನ ಮೃದುತ್ವ ಕಠಿಣತ್ವಗಳಿಗೆ ತಕ್ಕಂತೆ ಕೆಲಸಗಾರರ ಒಪ್ಪಿಗೆಯಿಂದ ನಿಶ್ಚಯಿಸಬೇಕೆಂದನು. ಗಣಿತಗ್ರಂಥವೊಂದರಲ್ಲಿ ಕೆಲಸಗಾರನ ಸಮ್ಮತಿಗೆ ಸ್ಥಾನ ಕೊಟ್ಟ ಈ ಮಾತನ್ನು ಅಧ್ಯಾಪಕರು ದಾಟಿಸಿಕೊಂಡು ಹೋಗಬಾರದು. ಮಲೆನಾಡಿನಲ್ಲಿಯೂ ಹಲಸಿನ ಕೊಯ್ತ, ಮತ್ತಿಯ ಕೊಯ್ತಗಳಿಗೆ ಒಂದೇ ದರವೆಂದರೆ ಗರಗಸ ಹಿಡಿದವರು ನಕ್ಕಾರು.

ಈಗ ಕೊಯ್ತದ ಕ್ರಮ. ಚೌಕಮಾಡಿದ ತೊಲೆಯನ್ನು ಗುಂಡಿಯ ಮೇಲೆ ಅಡ್ಡಲಾಗಿಯೋ ಗಟ್ಟಿಯಾದ ಮರದ ಅಡ್ಡೆಗಳ ಮೇಲೆ ಎತ್ತರವಾಗಿಯೋ ಇಟ್ಟು, ಬಣ್ಣದಲ್ಲಿ ಅದ್ದಿದ ನೂಲನ್ನು ಬಿಗಿಹಿಡಿದು ಮಿಡಿದು ಗೆರೆ ಹೊಡೆಯುವರು. ಮಯಮತವೂ ಮಾನಸಾರವೂ ಹೇಳುವ ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂಬ ನಾಲ್ವರಲ್ಲಿ ಸೂತ್ರಗ್ರಾಹಿಯು ಈ ನೂಲಿನವನೇ. ವರ್ಧಕಿಯಿಂದ ನಮ್ಮ 'ಬಡಗಿ'ಯು ಬಂದನು. ಒಬ್ಬನು ತೊಲೆಯ ಮೇಲೆ ನಿಂತು, ಮತ್ತೊಬ್ಬನು ಕೆಳಗೆ ನಿಂತು, ಉದ್ದ ಗರಗಸವನ್ನು ನಿಲುವಾಗಿ ಎಳೆಯುವರು. ಮೇಲಿನವನು ಗೆರೆಯನ್ನು ಕಾಯುವನು, ಕೆಳಗಿನವನು ಕಣ್ಣಿಗೆ ಬೀಳುವ ಹುಡಿಯನ್ನು ಸಹಿಸುವನು. ಸ್ವಲ್ಪ ದೂರ ಕೊಯ್ದಮೇಲೆ ಸೀಳಿನ ಬಾಯಿಗೆ ಬೆಣೆಯೊಂದನ್ನು ಹೊಡೆಯುವರು. ಇಲ್ಲದಿದ್ದರೆ ಮರದ ಒಳಗಿನ ಬಿಗಿತದಿಂದ ಎರಡು ಹೋಳುಗಳೂ ಕೂಡಿಕೊಂಡು ಗರಗಸವನ್ನು ಕಚ್ಚಿಹಿಡಿಯುವುವು. ಈ ಬೆಣೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಓದಿರುವೆವು. ಬೆಣೆ ಕಿತ್ತು ಪ್ರಾಣಬಿಟ್ಟ ಕಪಿಯ ಕಥೆಯು ಪಂಚತಂತ್ರದಲ್ಲಿ ಇದೆ. ಹಿತೋಪದೇಶದಲ್ಲಿ ಆ ಮರವು ಕರಪತ್ರದಿಂದ ಸೀಳಲ್ಪಡುತ್ತಿದ್ದುದೆಂದೇ ವಿಶೇಷಣವಿದೆ. ಅನಧಿಕಾರಚರ್ಚೆಯ ಫಲವನ್ನು ಬೋಧಿಸುವುದಕ್ಕಾಗಿ ಹುಟ್ಟಿದ ಆ ಕಥೆಯು ಕೊಯ್ದ ಮರದ ಬಿಗಿತವನ್ನು ಎಷ್ಟು ಯಥಾರ್ಥವಾಗಿ ಬಲ್ಲುದೆಂಬುದು ಕೊಯ್ತವನ್ನು ಕಂಡವರಿಗೆ ಮಾತ್ರ ತಿಳಿಯುವುದು.

ಗರಗಸದ ಗುಟ್ಟೆಲ್ಲವೂ ಹಲ್ಲಿನಲ್ಲಿದೆ. ಎಳೆಯ ಉದ್ದಕ್ಕೆ ಕೊಯ್ಯುವ ಗರಗಸದ ಹಲ್ಲು ಒಂದೊಂದೂ ಪುಟ್ಟ ಉಳಿಯಂತೆ. ಎಳೆಯ ತುದಿಯನ್ನು ಚಿವುಟಿ ಎಬ್ಬಿಸುವುದು. ಅಡ್ಡ ಕೊಯ್ಯುವ ಗರಗಸದ ಹಲ್ಲು ಪುಟ್ಟ ಕತ್ತಿಯಂತೆ. ಎಳೆಯನ್ನು ಎರಡು ಕಡೆ ತರಿದು ನಡುವಿನದನ್ನು ಉದುರಿಸುವುದು. ಎರಡರಲ್ಲಿಯೂ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಕೊಂಚ ಮಣಿಸಿರಬೇಕು. ಆಗ ಗರಗಸದ ದಾರಿಯು ಅಲಗಿಗಿಂತ ಅಗಲವಾಗಿ, ಅಲಗು ಸಿಕ್ಕಿಕೊಳ್ಳದೆ, ಹುಡಿಯು ಹೊರಬೀಳುವುದು. ಈ ಮಣಿತವು ಬಹಳ ಹಳೆಯದು. ಕ್ರಿಸ್ತಶಕದ ಮೊದಲನೆಯ ಶತಮಾನದ ರೋಮನ್ ಪಂಡಿತ ಪ್ಲಿನಿಯು, ಹಸಿಮರದ ಹುಡಿಯು ಹಲ್ಲುಗಳ ಸಂದನ್ನು ತುಂಬಿ ಗರಗಸವನ್ನು ಮೊಂಡುಮಾಡುವುದರಿಂದಲೇ ಹಲ್ಲುಗಳನ್ನು ಎಡಬಲಕ್ಕೆ ಮಣಿಸುವರೆಂದು ಬರೆದಿಟ್ಟಿರುವನು. ಮಳೆಯ ನಾಡಿನಲ್ಲಿ ಹಸಿಮರವನ್ನು ಕೊಯ್ದವರಿಗೆ ಈ ಮಾತಿನ ಸತ್ಯವನ್ನು ಹೇಳಿಕೊಡಬೇಕಾಗಿಲ್ಲ.

ಹಲ್ಲಿನ ಓಟವು ಮತ್ತೊಂದು ವಿಷಯ. ಒಂದು ಕಡೆಗೆ ವಾಲಿದ ಹಲ್ಲು ಆ ದಿಕ್ಕಿಗೆ ಮಾತ್ರ ಕೊಯ್ಯುವುದು. ಹಿಂದಿರುಗುವಾಗ ಬರಿದೆ ಜಾರುವುದು. ಯೂರೋಪಿನ ಕೈಗರಗಸವು ನೂಕುವಾಗ ಕೊಯ್ದರೆ ಜಪಾನಿನದೂ ನಮ್ಮ ದೇಶದ ಬಡಗಿಗಳ ಹಳೆಯ ಕೈಗರಗಸವೂ ಎಳೆಯುವಾಗ ಕೊಯ್ಯುವುವು. ಗುಂಡಿಯ ಮೇಲಿನ ಉದ್ದ ಗರಗಸವು ಕೆಳಕ್ಕೆ ಇಳಿಯುವಾಗ ಕೊಯ್ಯುವುದು; ಮೇಲಕ್ಕೆತ್ತುವಾಗ ಅದು ಮರವನ್ನು ಮುಟ್ಟದಂತೆ ಸಡಿಲಬಿಡುವರು. ಎರಡು ಪಕ್ಕಗಳೂ ಸಮನಾದ ತ್ರಿಕೋಣದ ಹಲ್ಲುಳ್ಳ, ಎರಡು ತುದಿಗಳಲ್ಲಿಯೂ ಹಿಡಿಯಿರುವ, ಇಬ್ಬರು ಎದುರುಬದುರಾಗಿ ಎಳೆಯುವ ಅಡ್ಡಗರಗಸವು ಮಾತ್ರ ಹೋಗುವಾಗಲೂ ಬರುವಾಗಲೂ ಕೊಯ್ಯುವುದು. ಅದರಲ್ಲಿ ಯಾರೂ ನೂಕುವುದಿಲ್ಲ. ಒಬ್ಬನು ಎಳೆಯುವಾಗ ಮತ್ತೊಬ್ಬನು ಬಿಟ್ಟುಕೊಡುವನು. ಹಾಗಾದರೆ ಹನ್ನೆರಡನೆಯ ಶತಮಾನದಲ್ಲಿ, ಭಾಸ್ಕರನ ಸಮಕಾಲೀನರಾದ ಬಸವಣ್ಣನವರು ಕಂಡಿದ್ದ ಕರಗಸವು ಈ ಸಮದಂತದ್ದೇ ಆಗಿರಬೇಕೆಂದು ತೋರುವುದು. ಕವಿಯ ಉಪಮೆಯನ್ನು ಇಷ್ಟು ಹಿಂಜಬೇಕೇ, ಅದು ಬರಿಯ ವಾಗ್ವಿಲಾಸವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಬಗೆಬಗೆಯ ಕಾಯಕದವರ ನಡುವೆ ಬಾಳಿದ ವಚನಕಾರರ ಉಪಮೆಗಳನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಲಾಗದು. ಅಲ್ಲದೆ ಉಪಮೆಯ ಬಲವು ಈ ವಿವರದಲ್ಲಿಯೇ ಇದೆ. ಒಂದೇ ದಿಕ್ಕಿಗೆ ಕೊಯ್ಯುವ ಗರಗಸಕ್ಕೆ ಸಿಕ್ಕ ಮರಕ್ಕೆ ಅರ್ಧಕಾಲವಾದರೂ ಬಿಡುವುಂಟು. ಸಮದಂತದ ಗರಗಸಕ್ಕೆ ಸಿಕ್ಕ ಮರಕ್ಕೆ ಆ ಬಿಡುವೂ ಇಲ್ಲ. ಭಕ್ತಿಯನ್ನು ಹಗುರಾಗಿ ಕೈಗೊಳ್ಳಹೊರಟವನಿಗೆ ಹೇಳಿದ ಎಚ್ಚರಿಕೆಯು ಇದಕ್ಕಿಂತ ನಿಷ್ಠುರವಾಗಿರಲಾರದು.

ಕೊನೆಗೆ ಕಟ್ಟಡಗಳ ಸಾಕ್ಷ್ಯ. ಸಾಗರದ ಬಳಿಯ ಕೆಳದಿಯಲ್ಲಿ ನಾಯಕರ ದೇವಾಲಯಸಮುಚ್ಚಯವು ಕಲ್ಲಿನೊಡನೆ ಮರವನ್ನೂ ಕೂಡಿಸಿಕೊಂಡು ನಿಂತಿದೆ. ಆ ಅರಸುಮನೆತನದ ಬಸವಭೂಪಾಲನು ೧೭೦೯ರಲ್ಲಿ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನೇ ರಚಿಸಿದನು. ೧೭೬೩ರಲ್ಲಿ ಬಿದನೂರು ಹೈದರನ ವಶವಾಯಿತು. ಅರಸೊತ್ತಿಗೆ ಅಳಿದರೂ ಸಾಗರ ಸೊರಬಗಳ ಗುಡಿಗಾರರ ಕೆತ್ತನೆಯು ಅಳಿಯಲಿಲ್ಲ. ಕೆತ್ತನೆಯನ್ನು ಎಲ್ಲರೂ ನೋಡುವರು, ಹೊಗಳುವರು. ಚರಿತ್ರೆಯನ್ನು ಅರಸುವವನು ಕೆತ್ತನೆಯಿಲ್ಲದ ಬೆನ್ನನ್ನು ನೋಡಬೇಕು. ಗುಡಿಗಾರರ ಗಂಧದಲ್ಲಂತೂ ಗರಗಸದ ಹುಡಿಯೂ ಬೆಲೆಯುಳ್ಳದ್ದು. ಸರಕಾರದ ಗಂಧದ ಕೋಠಿಗಳಲ್ಲಿ ಹುಡಿಗೆ ಪ್ರತ್ಯೇಕ ದರ್ಜೆಯೇ ಇತ್ತು. ಹೀಗಾಗಿ ಅಲ್ಲಿ ದಾರಿ ಎಷ್ಟು ಸಣ್ಣದಾದರೆ ಅಷ್ಟು ಲಾಭ. ತೇಗ, ಹೊನ್ನೆ, ಹಲಸುಗಳ ಹಲಗೆಯಲ್ಲಿ ಆ ಮಿತವಿಲ್ಲವಾದುದರಿಂದ ಗರಗಸದ ಗುರುತುಗಳು ಧಾರಾಳವಾಗಿ ಉಳಿದಿರುವುವು.

ಆ ಗುರುತುಗಳನ್ನು ಓದುವುದು ಕಷ್ಟವಲ್ಲ. ಹಲಗೆಯ ಮುಖವನ್ನು ಓರೆಬೆಳಕಿಗೆ ಹಿಡಿಯಬೇಕು. ಬೋಗುಣಿಯಂತೆ ತುಸು ತಗ್ಗಾದ ಸಾಲು ಸಾಲು ಏಟುಗಳಿದ್ದರೆ ಬಾಚಿಯಿಂದ ಕೆತ್ತಿದುದು. ಓರೆಯಾದ ನೇರ ಗೆರೆಗಳಿದ್ದು, ಅವುಗಳ ಅಂತರವೂ ಓರೆಯೂ ಅಲ್ಲಲ್ಲಿ ಬದಲಾಗುತ್ತಿದ್ದರೆ ಇಬ್ಬರು ಆಳುಗಳ ಕೈಗರಗಸದ್ದು. ದಣಿದಾಗ, ಉಸಿರು ಬದಲಿಸಿದಾಗ, ಗರಗಸದ ಓರೆ ತಪ್ಪಿದುದೆಲ್ಲವೂ ಅಲ್ಲಿ ಬರೆದಿರುವುದು. ಬಿಲ್ಲಿನಂತೆ ಬಾಗಿದ ಗೆರೆಗಳು ಯಂತ್ರದ ಚಕ್ರಗರಗಸದವು. ಹಲಗೆಯ ಉದ್ದಕ್ಕೆ ಅಡ್ಡಲಾಗಿ ಒಂದೇ ಅಂತರದಲ್ಲಿ ಸಾಗುವ ನೇರ ಗೆರೆಗಳು ಪಟ್ಟಿಗರಗಸದವು. ತೋಪಡ ಹಾಕಿ ನಯಮಾಡಿದ ಮುಂಬದಿಯಲ್ಲಿ ಇವಾವುವೂ ಕಾಣವು. ಮುಚ್ಚಿಗೆಯ ಹಲಗೆಯ ಮೇಲುಮುಖ, ಅಟ್ಟದ ಹಲಗೆಯ ಅಡಿ, ಬಾಗಿಲುವಾಡದ ಗೋಡೆಯೊಳಗಿನ ಮಗ್ಗುಲು ಇವುಗಳನ್ನು ನೋಡಬೇಕು. ಹಳೆಯ ಮನೆಯನ್ನು ಕಳಚುವ ದಿನ, ಮರವು ಮಾರಾಟಕ್ಕೆ ಹೋಗುವ ಮುನ್ನ, ಒಂದು ಗಂಟೆಯ ಅವಕಾಶ ಸಿಕ್ಕಿದರೂ ಸಾಕು. ಒಂದೇ ಮನೆಯ ನಡುಮನೆಯ ಹಲಗೆಗಳಲ್ಲಿ ಕೈಗರಗಸದ ಓರೆಗೆರೆಗಳೂ ಹಿತ್ತಿಲ ಕಡೆಯ ಕೋಣೆಯ ಹಲಗೆಗಳಲ್ಲಿ ಬಿಲ್ಲುಗೆರೆಗಳೂ ಕಂಡಲ್ಲಿ, ಯಾವುದು ಮೂಲದ ಕಟ್ಟಡ, ಯಾವುದು ಮೇಲಿಂದ ಸೇರಿಸಿದುದು ಎಂಬುದಕ್ಕೆ ಶಾಸನವನ್ನು ಹುಡುಕಬೇಕಾಗಿಲ್ಲ.